ಜವರಯ್ಯ ಫೈನಲ್

ನೂರಡಿ ರಸ್ತೆಯಲ್ಲಿ, ಮೊಟ್ಟೆ ಮಂಡಿಯ ಮೇಲಿನ ಮಹಡಿಯಲ್ಲಿ
ಹನ್ನೊಂದು ವರ್ಷದಿಂದ ಫ್ಲೆಕ್ಸ್ ಹೊಡೆಯುತ್ತೇನೆ.
ಮಂಡ್ಯದಲ್ಲಿ ಯಾರು ದೊಡ್ಡವರಾದರೂ, ಯಾರು ಸತ್ತರೂ
ಮೊದಲು ನನಗೆ ಗೊತ್ತು,
ಚದರಡಿಗೆ ಹದಿನಾಲ್ಕು ರೂಪಾಯಿ.

ಆ ರಾತ್ರಿ ಎರಡು ಆರ್ಡರು.

ಬಸರಾಳಿನ ಜವರಯ್ಯ, ಮಾಜಿ ಮೆಂಬರು,
ಅರವತ್ತು ತುಂಬಿದ ಸಂಭ್ರಮ, ಹತ್ತಡಿಗೆ ಎಂಟು,
ಹಿಂದೆ ಸಿಂಹ, ಮೇಲೆ ಕಿರೀಟ, ಕೆಳಗೆ ಅಭಿಮಾನಿ ಬಳಗ
(ಬಳಗದಲ್ಲಿ ನಾಲ್ವರು, ಅದರಲ್ಲಿಬ್ಬರು ಅಳಿಯಂದಿರು).

ಕೀಲಾರದ ಜವರಯ್ಯ, ನಾಲೆಯ ನೀರುಗಂಟಿ,
ನಾಳಿದ್ದು ತಿಥಿ, ಮೂರಡಿಗೆ ನಾಲ್ಕು ಸಾಕು.
ಇದ್ದದ್ದು ರೇಷನ್ ಕಾರ್ಡಿನ ಫೋಟೊ ಒಂದೇ,
ಹಿಗ್ಗಿಸಿದಷ್ಟೂ ಕಣ್ಣು ಚೌಕಚೌಕವಾಗಿ ಒಡೆಯುತ್ತಿತ್ತು.

ಒಂದು ಗಂಟೆಗೆ ಕರೆಂಟು ಹೋಯಿತು. ಬಂತು.
ಎರಡು ಫೋಟೊಗೂ ನಾನಿಟ್ಟ ಹೆಸರು ಒಂದೇ:
ಜವರಯ್ಯ ಫೈನಲ್.

ಕಟ್ಟುವ ಹುಡುಗರು ಮಸುಕಲ್ಲೇ ಕಟ್ಟಿ ಬಂದರು.
ಹುಡುಗರು ಮುಖ ನೋಡುವುದಿಲ್ಲ, ಕಂಬ ನೋಡುತ್ತಾರೆ.

ಬೆಳಗಾಯಿತು.
ವಾಕಿಂಗ್ ಹೊರಟ ಮೆಂಬರು ಬೇಲಿ ಪಕ್ಕ ನಿಂತು ಓದಿದರು
ತಮ್ಮದೇ ಮುಖದ ಕೆಳಗೆ:
ಊರಿಗೆ ನೀರು ಹರಿಸಿದ ಪುಣ್ಯಾತ್ಮ, ಮತ್ತೆ ಹುಟ್ಟಿ ಬಾ.
ಅವರು ಹರಿಸಿದ್ದು ಒಂದು ಬೋರ್‌ವೆಲ್ಲು,
ಅದೂ ತಮ್ಮ ತೋಟಕ್ಕೆ.

ಮನೆಗೆ ವಾಪಸು ಬರುವಷ್ಟರಲ್ಲಿ ಅಂಗಳ ತುಂಬಿತ್ತು.
ಎರಡು ಎಲೆಕ್ಷನ್ನಲ್ಲಿ ಎದುರು ನಿಂತ ಚೌಡಪ್ಪ
ತೋಳುದ್ದ ಹಾರ ಹಿಡಿದು ಬಿಕ್ಕುತ್ತಿದ್ದ.
ಕೊಟ್ಟೇ ಇಲ್ಲ, ಇಸ್ಕೊಂಡೇ ಇಲ್ಲ ಎಂದು
ಮಾರಿಗುಡಿಯಲ್ಲಿ ಆಣೆ ಮಾಡಿದ್ದ ಸಿದ್ದೇಶಿ
ಹೆಂಡತಿಯ ಕೈಗೆ ಏಳು ಸಾವಿರ ಇಟ್ಟು
'ಋಣ ಇಟ್ಕಬಾರದು ಕಣವ್ವ' ಅನ್ನುತ್ತಿದ್ದ.
ಮೆಂಬರು ಹಿತ್ತಲ ಬಾಗಿಲಲ್ಲಿ ನಿಂತು
ಅರ್ಧ ಗಂಟೆ ಕೇಳಿಸಿಕೊಂಡರಂತೆ.
ಆಮೇಲೆ ಕೆಮ್ಮಿದರು.

ಇತ್ತ ಬಸ್ ಸ್ಟ್ಯಾಂಡಿನೆದುರು
ಹತ್ತಡಿ ಎತ್ತರದಲ್ಲಿ ನೀರುಗಂಟಿ,
ಸಿಂಹದ ಮುಂದೆ, ಕಿರೀಟದ ಕೆಳಗೆ,
ಒಡೆದ ಕಣ್ಣಲ್ಲಿ ಊರನ್ನೆಲ್ಲ ನೋಡುತ್ತ
ನೂರ್ಕಾಲ ಬಾಳುತ್ತಿದ್ದ.
ನಡುರಾತ್ರಿ ತೂಬು ಎತ್ತಲು ಹೋಗಿ
ಎದೆಮಟ್ಟ ನೀರಲ್ಲಿ ಹೋದವನು.

ತಿಥಿ ಸಾಮಾನಿಗೆ ಬಂದ ಅವನ ಹೆಂಡತಿ ಮಂಚಮ್ಮ
ಬಸ್ಸಿಳಿದಳು. ಕೈಚೀಲ ಕೆಳಗಿಟ್ಟಳು.

ನಾನು ಏಣಿ ಹಿಡಿದು ಓಡಿ ಬಂದಿದ್ದೆ,
ಕೆನ್ನೆಯ ಮೇಲೆ ಅಳಿಯಂದಿರ ಐದೈದು ಬೆರಳು.
ಬಿಚ್ಚಲು ಹೋದರೆ, 'ತಡಿ ಮಗ' ಅಂದಳು.
ಬೈಯುತ್ತಾಳೆ ಅಂದುಕೊಂಡೆ.
'ಇವತ್ತು ಹುಟ್ಟಿದ್ದು ಅಂತ ಬರ್ದದಾ ಅಲ್ಲಿ?
ಯಾವತ್ತು ಹುಟ್ಟಿದ್ದು ಅಂತ ಅವುರ್ಗೇ ಗೊತ್ತಿರ್ನಿಲ್ಲ.'
ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.
ನಕ್ಕಳೋ ಏನೋ, ಇವತ್ತಿಗೂ ಗೊತ್ತಿಲ್ಲ.
ಸುರುಳಿ ಸುತ್ತಿ ಬಸ್ಸಿನ ಟಾಪಿಗೆ ನಾನೇ ಹಾಕಿದೆ.
ಕಂಡಕ್ಟರು ಲಗೇಜು ಕೇಳಿದ,
ಒಂದು ಅರ್ಧ ಟಿಕೆಟ್ಟು ಹರಿದ.

ಮೂರು ವರ್ಷಕ್ಕೆ ಮೆಂಬರು ನಿಜವಾಗಿ ತೀರಿಕೊಂಡರು.
ಫೈಲು ಇತ್ತು. ತಾರೀಕಷ್ಟೇ ಬದಲಾಯಿಸಿದೆ.
ಈ ಸಲ ಬೋರ್ಡು ಯಾರೂ ನಂಬಲಿಲ್ಲ.
ಚೌಡಪ್ಪ ಬರಲಿಲ್ಲ, ಒಂದು ಸಲ ಅತ್ತಾಗಿತ್ತು.
ಸಿದ್ದೇಶಿ ಬಂದ,
ಆ ಏಳು ಸಾವಿರ ವಾಪಸು ಕೇಳೋಕೆ.

ಕೀಲಾರದಲ್ಲಿ ಆ ಫ್ಲೆಕ್ಸು ಈಗ ಕೊಟ್ಟಿಗೆಯ ಸೂರು.
ಸಿಂಹ ಸೋರುತ್ತದೆ, ಮುಖ ಇನ್ನೂ ಸೋರಿಲ್ಲ.
ಪ್ರತಿ ವರ್ಷ ಮೆಂಬರ ಹುಟ್ಟಿದ ದಿನ
ಮಂಚಮ್ಮ ಗಂಡನಿಗೆ ಗಸಗಸೆ ಪಾಯಸ ಮಾಡುತ್ತಾಳೆ.
ಮೊಮ್ಮಗನ ಕೈಲಿ ಅಂಗಡಿಗೊಂದು ಡಬ್ಬಿ ಬರುತ್ತದೆ.
ಬೆಲ್ಲ ಜಾಸ್ತಿ ಹಾಕಿರುತ್ತಾಳೆ.
ಮೆಷಿನ್ ನಿಲ್ಲಿಸಿ ತಿನ್ನುತ್ತೇನೆ,
ಆಮೇಲೆ ಕೈ ತೊಳೆದು
ಹೆಸರುಗಳನ್ನು ಇನ್ನೊಂದು ಸಲ ಓದುತ್ತೇನೆ.